ಮೂರು ಠಾಣೆಯವರು ಕೂಡಿ ಕೆಲಸ ಮಾಡಿದ ಮಳೆಗಾಲ

ಹೋದ ತಿಂಗಳು ನಂಜನಗೂಡಿನ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಮಳೆ ಆಗಷ್ಟೇ ಬಿಟ್ಟಿತ್ತು. ಲಾರಿಯವರು ನೆನೆದ ಟಾರ್ಪಾಲುಗಳನ್ನು ಬೇಲಿಯ ಮೇಲೆ ಹರವಿದ್ದರು. ಟಾರು, ಮುಗ್ಗಲು, ಡೀಸೆಲ್ಲು ಬೆರೆತ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಬಸ್ಸು ಆಗಾಕಿಲ್ವಾ ಅಕ್ಕಾ ನಿಮ್ಗೆ?" ಎಂದು ನಿಂಬೆಹಣ್ಣು ಕೈಗಿಟ್ಟಳು. ಬಸ್ಸು ನನಗೆ ಚೆನ್ನಾಗಿಯೇ ಆಗುತ್ತದೆ. ಒಂದು ಮಳೆಗಾಲವನ್ನು ಪೂರ್ತಿ ಬಸ್ಸಿನಲ್ಲೇ ಕಳೆದವಳು ನಾನು. ಆಗದಿರುವುದು ಆ ವಾಸನೆ. ಅದು ನನ್ನ ಗಂಡನ ಮೈವಾಸನೆ.

ನನ್ನ ಗಂಡ ಮಾದೇವ ಅದೇ ರಸ್ತೆಯಲ್ಲಿ ಲಾರಿಗಳಿಗೆ ಮಾಲು ತುಂಬಿ, ಮೇಲೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿಯುವ ಕೆಲಸ ಮಾಡುತ್ತಿದ್ದರು. ಹೆಡತಲೆ ದಾಟಿದ ಮೇಲೆ ಸಿಗುವ ಸಣ್ಣ ಊರು ನಮ್ಮದು. ನಾನು ಅಲ್ಲಿಯೇ ಅಂಗನವಾಡಿ ಟೀಚರು. ಸಂಜೆ ಅವರು ಸೈಕಲ್ಲಿನಿಂದ ಇಳಿಯುವ ಮೊದಲೇ ವಾಸನೆ ಬರುತ್ತಿತ್ತು. ನಾಲ್ಕು ವರ್ಷದ ಮಗಳು ಮಂಜುಳಾ ಅವರ ಅಂಗೈ ಮೂಸಿ ಮುಖ ಸಿಂಡರಿಸುವಳು, ಆಮೇಲೆ ಅದೇ ಕೈಯನ್ನು ತಬ್ಬಿಕೊಂಡು ಮಲಗುವಳು.

ಇದು ತೊಂಬತ್ತರ ದಶಕದ ಮಾತು. ಆಗ ನಮ್ಮ ಕಡೆ ಲಾರಿ ಕಳ್ಳತನ ಎಂದರೆ ದಿನನಿತ್ಯದ ಸುದ್ದಿ. ಲಾರಿಯನ್ನೇ ಕದಿಯುತ್ತಿರಲಿಲ್ಲ, ಅದರ ಬೆನ್ನಿನ ಮೇಲಿನ ಮಾಲನ್ನು ಕದಿಯುತ್ತಿದ್ದರು. ಬೇಲು ಎನ್ನುವ ನೂಲಿನ ಮೂಟೆ ಹೇರಿದ ಲಾರಿಗಳು ಕವಲಂದೆ ದಾರಿಯಾಗಿ ತಮಿಳುನಾಡಿನ ಕಡೆಗೆ ಹೋಗುತ್ತಿದ್ದವು. ಏರು ರಸ್ತೆಯಲ್ಲಿ ಲಾರಿ ಏದುಸಿರು ಬಿಡುವಾಗ ಹಿಂದೆ ಮೋಟಾರ್ ಬೈಕಿನಲ್ಲಿ ಬಂದವನೊಬ್ಬ ಹಗ್ಗ ಹಿಡಿದು ಹತ್ತಿ, ಟಾರ್ಪಾಲು ಸೀಳಿ, ಬೇಲುಗಳನ್ನು ಚರಂಡಿಗೆ ಉರುಳಿಸಿ ಇಳಿದುಬಿಡುತ್ತಿದ್ದ. ಡ್ರೈವರನಿಗೆ ಗೊತ್ತಾಗುತ್ತಿದ್ದುದು ಊಟಕ್ಕೆ ನಿಲ್ಲಿಸಿದಾಗ. ಆಮೇಲೆ ಅವನ ಪಾಡು ಯಾರಿಗೂ ಬೇಡ. ಮಾಲು ತುಂಬಿದ್ದು ಒಂದು ಠಾಣೆಯ ಹದ್ದಿನಲ್ಲಿ, ಟಾರ್ಪಾಲು ಸೀಳಿದ್ದು ಇನ್ನೊಂದರಲ್ಲಿ, ಕಣ್ಣಿಗೆ ಬಿದ್ದದ್ದು ಮತ್ತೊಂದರಲ್ಲಿ. ಮೂರು ಕಡೆಯೂ "ನಮ್ ಲಿಮಿಟ್ಟಲ್ಲ ಕಣಯ್ಯಾ" ಎಂದು ಸಾಗಹಾಕುತ್ತಿದ್ದರು.

ಆ ಠಾಣೆಗಳ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಕೂತಿದ್ದವರೆಲ್ಲ ಪಿಂಚಣಿ ತಿನ್ನುತ್ತಾ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ನಾನು ಕರೆದುಕೊಂಡ ಹೆಸರುಗಳೇ ಸಾಕು. ಮಾಲು ತುಂಬುವ ಕಡೆಯದು ಹುಣಸೆಮರದ ಠಾಣೆ, ಏಕೆಂದರೆ ಅದರ ಮುಂದಿನ ಹುಣಸೆಮರದ ಕೆಳಗೆ ನಾನು ಬಹಳ ಕೂತಿದ್ದೇನೆ. ನರಸೀಪುರದ ಕಡೆಗಿರುವುದು ಹೊಳೆ ಠಾಣೆ. ತಮಿಳುನಾಡಿನ ಬದಿಗಿರುವುದು ಗಡಿ ಠಾಣೆ.

ಆ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಫ್ಯಾಕ್ಟರಿಯವರು ಮೇಲಿನವರಿಗೆ ದೂರು ಕೊಟ್ಟು, ಮೇಲಿನವರು ಕೆಳಗಿನವರಿಗೆ ಬೈದು, ಮೂರು ಠಾಣೆ ಸೇರಿದ ಒಂದು ಜಂಟಿ ತಂಡ ಆಯಿತು. ಆಚೆಯ ತಮಿಳುನಾಡು ಪೊಲೀಸರೂ ಕೈಜೋಡಿಸಿದರು. ಇನ್ನು ಮೇಲೆ ಹದ್ದಿನ ಮಾತೇ ಇಲ್ಲ, ಎಲ್ಲರದ್ದೂ ಒಂದೇ ಕೇಸು ಎಂದು ಪೇಪರಿನಲ್ಲಿ ಬಂತು. ಮಾದೇವ ಅದನ್ನು ಓದಿಸಿಕೊಂಡು ಖುಷಿಪಟ್ಟರು. ಮಾಲು ಹೋದಾಗಲೆಲ್ಲ ಹಗ್ಗ ಬಿಗಿದವರ ಮೇಲೇ ಮಾತು ಬರುತ್ತಿತ್ತಲ್ಲ.

"ಇನ್ನಾದ್ರೂ ನಮ್ಮನ್ ಬೈಯೋದು ನಿಲ್ತದೆ ಕನಮ್ಮಿ. ಒಗ್ಗಟ್ಟಾಗವ್ರೆ, ಇಡೀತಾರೆ" ಎಂದರು.

ಹಿಡಿದರು, ನಿಜ.

ಅವರು ಹಗ್ಗ ಬಿಗಿದಿದ್ದ ಲಾರಿಯೊಂದರಿಂದ ಬೇಲುಗಳು ಹೋದವು. ಹುಣಸೆಮರದ ಠಾಣೆಯಿಂದ ಕರೆ ಬಂತು. ಕೇಳಿದರು, ಎರಡೇಟು ಹಾಕಿದರು, ನಾಳೆ ಮತ್ತೆ ಬಾ ಎಂದು ಕಳಿಸಿದರು. ಮನೆಗೆ ಬಂದ ಮನುಷ್ಯ ಊಟದ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು. ಸುದ್ದಿ ಬೀದಿಯ ತುಂಬ ಹರಡಿ ಪುಟ್ಟಮಾದಯ್ಯನವರು ಬಂದರು. ನನ್ನ ಗಂಡನ ದೊಡ್ಡಪ್ಪ, ನಮ್ಮ ಬೀದಿಯ ಯಜಮಾನರು. ನಾನು ಮಾವ ಎನ್ನುತ್ತಿದ್ದೆ.

ನಮ್ಮ ಬೀದಿಯ ನ್ಯಾಯದ ರೀತಿಯನ್ನು ಇಲ್ಲಿ ಹೇಳಬೇಕು. ಜಗಳವಾದರೆ ಯಜಮಾನರು ಕಟ್ಟೆಯ ಮೇಲೆ ಕೂರುತ್ತಾರೆ. ಯಾರು ಮಾಡಿದರು ಎಂಬುದು ಅಲ್ಲಿ ದೊಡ್ಡ ಮಾತಲ್ಲ, ಜಗಳ ಮುಗಿಯಬೇಕು ಅಷ್ಟೆ. ಇಬ್ಬರಲ್ಲಿ ಚಿಕ್ಕವನು, ಇಲ್ಲವೇ ತಾಳ್ಮೆ ಇದ್ದವನು, ಟವಲ್ಲನ್ನು ಸೊಂಟಕ್ಕೆ ಕಟ್ಟಿ, ಸಭೆಗೆ ಉದ್ದಕ್ಕೆ ಅಡ್ಡಬಿದ್ದು, "ತಪ್ಪಾಯ್ತು" ಎನ್ನಬೇಕು. ಯಜಮಾನರು "ಎದ್ದೇಳಪ್ಪ" ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಎತ್ತಿದವನೇ ಅಪರಾಧಿ. ಯಾರದೋ ಎಮ್ಮೆ ರಾಗಿ ಮೇಯ್ದದ್ದಕ್ಕೆ ನನ್ನ ತಮ್ಮ ಒಮ್ಮೆ ಹೀಗೆ ಅಡ್ಡಬಿದ್ದಿದ್ದ. ಆಗ ನಮ್ಮ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಅವತ್ತು ಸಂಜೆ ರಾಗಿಯವನೂ ಅವನೂ ಒಟ್ಟಿಗೆ ಬೀಡಿ ಸೇದಿದರು.

"ಟೇಸನ್ನು ಅಂದ್ರೂ ಒಂದು ಕಟ್ಟೇನೇಯ ಕನವ್ವ" ಎಂದರು ಮಾವ. "ಅಲ್ಲೂ ದೊಡ್ಡೋರೇ ಕೂತಿರದು. ಎದುರು ಮಾತಾಡುದ್ರೆ ಕ್ವಾಪ ಬತ್ತದೆ. ನಾನೇ ಜೊತೇಲಿದ್ದು ಅಡ್ಡಬೀಳುಸ್ತೀನಿ. ತಪ್ಪಾಯ್ತು ಅಂದುಬುಟ್ರೆ ಅವ್ರ್ಗೂ ಮರ್ವಾದೆ, ನಮ್ಗೂ ಬುಡುಗಡೆ."

"ಮಾಡ್ದೇ ಇರೋದ್ಕೆ ಯಾಕೆ ಮಾವ?" ಎಂದೆ.

"ನಮ್ ಕಟ್ಟೇಲಿ ಅಡ್ಡಬಿದ್ದೋರೆಲ್ಲ ಮಾಡಿರೋರಾ?"

ಎಮ್ಮೆ ಇಲ್ಲದೆ ಅಡ್ಡಬಿದ್ದ ನನ್ನ ತಮ್ಮ ನೆನಪಾದ. ಮಾದೇವನಿಗೂ ಜೀವ ಬಂದಂತಾಯಿತು. ಆ ರಾತ್ರಿ ಸರಿಯಾಗಿ ಊಟ ಮಾಡಿದರು.

ಮಾರನೆಯ ಬೆಳಿಗ್ಗೆ ಜಡಿಮಳೆಯಲ್ಲಿ ಮೂವರೂ ಹೋದೆವು. ಮಾವ ಬಿಳಿ ಪಂಚೆ ಉಟ್ಟು, ಎಲೆಅಡಿಕೆ ಹಿಡಿದು, ಮದುವೆಗೆ ಹೆಣ್ಣು ಕೇಳಲು ಹೊರಟವರ ಹಾಗೆ ಮುಂದೆ ನಡೆದರು. ಇನ್ಸ್‌ಪೆಕ್ಟರ್ ಸಾಹೇಬರು ಏನೋ ಬರೆಯುತ್ತಿದ್ದರು. ಮಾದೇವ ಟವಲ್ಲನ್ನು ಸೊಂಟಕ್ಕೆ ಬಿಗಿದು, ಆ ಒದ್ದೆ ನೆಲದ ಮೇಲೆ ಉದ್ದಕ್ಕೆ ಬಿದ್ದು, ನಮ್ಮ ಕಟ್ಟೆಯ ಮೇಲೆ ಹೇಳುವಷ್ಟೇ ಗಟ್ಟಿಯಾಗಿ ಹೇಳಿದರು. "ತಪ್ಪಾಯ್ತು ಸ್ವಾಮಿ. ದೊಡ್ಡ ಮನಸ್ಸು ಮಾಡಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಒಂದು ಗಳಿಗೆ ಏನೂ ಅರ್ಥವಾಗದವರಂತೆ ನೋಡಿದರು. ಆಮೇಲೆ ಅವರ ಮುಖದಲ್ಲಿ ಮೂಡಿದ ನಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮಾವನಿಗೆ ಕುರ್ಚಿ ಹಾಕಿಸಿದರು, ಟೀ ತರಿಸಿದರು.

"ಯಜಮಾನ್ರೇ, ನಿಮ್ಮಂಥೋರು ಊರಿಗೊಬ್ರು ಇದ್ರೆ ನಮಗೆ ಕೆಲಸವೇ ಇರಲ್ಲ. ಇವನು ಒಪ್ಕೊಂಡಿದ್ದು ನಿಮ್ಮ ಎದುರಿಗೇ ಅಲ್ವಾ? ಇಲ್ಲೊಂದು ರುಜು ಹಾಕಿ. ಒಂದೆರಡು ಮಾತು ಕೇಳಿ ಕಳಿಸ್ತೀವಿ."

ಮಾವ ಹೆಬ್ಬೆಟ್ಟು ಒತ್ತಿ, ಟೀ ಕುಡಿದು, ಬೀಗುತ್ತಾ ಹೊರಗೆ ಬಂದರು. ಠಾಣೆಯಲ್ಲಿ ಕುರ್ಚಿ ಸಿಕ್ಕಿದ್ದು ನಮ್ಮ ಬೀದಿಯ ಇತಿಹಾಸದಲ್ಲೇ ಮೊದಲು. ನಾನು ಹುಣಸೆಮರದ ಕೆಳಗೆ, ಕಿಟಕಿಯ ಹತ್ತಿರ ನಿಂತಿದ್ದೆ. ಒಳಗಿನಿಂದ ಸಾಹೇಬರು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಸಿಕ್ಕಿದ ಕಣ್ರೀ ಒಬ್ಬ. ಇನ್ನೂ ಸರಿಯಾಗಿ ಕೈ ಹಾಕಿಲ್ಲ, ತಾನೇ ಬಂದು ಒಪ್ಕೊಂಡ. ನಿಮ್ ಕಡೆ ಎಷ್ಟು ಕೇಸು ಬಾಕಿ ಇದಾವೆ? ಸರಿ ಬಿಡಿ, ನಮ್ದು ಮುಗಿಸ್ಕೊಂಡು ಕಳಿಸ್ತೀನಿ. ಹಂಗೇ ಗಡಿಯೋರಿಗೂ ಒಂದ್ಮಾತು ಹೇಳ್ಬಿಡಿ."

ಹೊಲ ಉಳಲು ಎತ್ತು ಎರವಲು ಕೊಡುವವರು ಹೀಗೆಯೇ ಮಾತಾಡುತ್ತಾರೆ.

ಅವರು ಕೇಳಬೇಕೆಂದಿದ್ದ ಒಂದೆರಡು ಮಾತು ಸಂಜೆಯವರೆಗೂ ಮುಗಿಯಲಿಲ್ಲ. ನಾನು ಕೇಳಿಸಿಕೊಂಡಿದ್ದೇನೆ, ಆದ್ದರಿಂದ ಬರೆಯುತ್ತೇನೆ. ಪ್ರತಿ ಏಟಿಗೂ ಮಾದೇವ "ತಪ್ಪಾಯ್ತು" ಎನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ, ಅದನ್ನು ಹೇಳಿದರೆ ನಿಲ್ಲಿಸುತ್ತಾರೆ ಎಂದು. ಒಳಗೆ ಅದಕ್ಕೆ ಬೇರೆ ಅರ್ಥವಿತ್ತು. ಒಂದು ಲಾರಿಯ ಹೆಸರು ಹೇಳಿ ಹೊಡೆಯುವರು, ಇವರು ತಪ್ಪಾಯ್ತು ಎನ್ನುವರು, ಆ ಕಳ್ಳತನ ಇವರದ್ದಾಗುವುದು. ಮತ್ತೊಂದು ಲಾರಿ, ಮತ್ತೊಂದು ಏಟು. ಅವರು ಕಣ್ಣಿಂದಲೂ ಕಾಣದ ಲಾರಿಗಳು ಅವರ ತಲೆಗೆ ಬಿದ್ದವು.

ಮರುದಿನ ಜೀಪಿಗೆ ಹತ್ತಿಸುವಾಗ ಕಂಡರು. ಅಂಗಾಲು ಊರಲಾಗದೆ ಪಾದದ ಅಂಚಿನ ಮೇಲೆ ನಡೆಯುತ್ತಿದ್ದರು. ನನ್ನನ್ನು ನೋಡಿ ಅತ್ತಾರು ಎಂದುಕೊಂಡೆ. ಅಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದರು.

"ಅಮ್ಮೀ, ನಾನು ತಪ್ಪಾಯ್ತು ಅಂತಾನೇ ಇವ್ನಿ. ಇವ್ರ್ ಯಾಕೆ ಎದ್ದೇಳು ಅಂತಿಲ್ಲ?"

ಅದೇ ನಾನು ಕೇಳಿದ ಅವರ ಕೊನೆಯ ಮಾತು.

ಆಮೇಲೆ ನನ್ನ ಬಸ್ಸಿನ ಓಡಾಟ. ಹಿಡಿದವರನ್ನು ಒಂದು ದಿನದೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು ಎಂದು ನಂಜನಗೂಡಿನ ಕೋರ್ಟಿನ ಹತ್ತಿರ ಒಬ್ಬ ವಕೀಲರು ಹೇಳಿದರು. ಅದನ್ನೇ ಹುಣಸೆಮರದ ಠಾಣೆಯಲ್ಲಿ ಕೇಳಿದೆ. "ನಮ್ಮಲ್ಲಿ ಇಲ್ಲವಲ್ಲಮ್ಮ, ಹೊಳೆ ಕಡೆಯೋರು ಕರ್ಕೊಂಡೋದ್ರು" ಎಂದರು. ಹೊಳೆ ಠಾಣೆಯಲ್ಲಿ "ಈಗ ತಾನೆ ಬಂದವ್ನೆ, ಇನ್ನೂ ದಿನ ಆಗಿಲ್ಲ" ಎಂದರು. ಠಾಣೆ ಬದಲಾದಾಗಲೆಲ್ಲ ದಿನ ಹೊಸದಾಗಿ ಶುರು. ಕೂಡಿ ಕೆಲಸ ಮಾಡುವುದು ಎಂದರೆ ಏನೆಂದು ನನಗೆ ಆಗ ತಿಳಿಯಿತು.

ಕಪಿಲೆ ತುಂಬಿ ನಂಜನಗೂಡಿನ ಸ್ನಾನಘಟ್ಟದ ಮಂಟಪ ಮುಳುಗಿತ್ತು. ನರಸೀಪುರದಲ್ಲಿ ಎರಡೂ ಹೊಳೆ ಸೇರಿ ಕೆಂಪಗೆ ಸೊಕ್ಕಿ ಹರಿಯುತ್ತಿದ್ದವು. ನಾನು ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ಮುದ್ದೆ ಉಪ್ಸಾರು ಡಬ್ಬಿಗೆ ಹಾಕಿಕೊಂಡು ದಿನಾ ಹೊಳೆ ಠಾಣೆಗೆ ಹೋಗುತ್ತಿದ್ದೆ. ಒಳಗೆ ಬಿಡುತ್ತಿರಲಿಲ್ಲ. ಅಲ್ಲಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು, ದಪ್ಪನೆಯ ನಗುಮುಖದ ಮನುಷ್ಯ, ಡಬ್ಬಿ ಈಸಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಖಾಲಿ ಡಬ್ಬಿ ತೊಳೆದು ತಂದುಕೊಡುತ್ತಿದ್ದರು. ಮುದ್ದೆಯ ಒಂದು ಚೂರೂ ಉಳಿದಿರುತ್ತಿರಲಿಲ್ಲ. ಇಷ್ಟು ಉಣ್ಣುತ್ತಾರೆ ಎಂದರೆ ಜೀವ ಗಟ್ಟಿಯಾಗಿದೆ ಎಂದು ನಾನು ಸಮಾಧಾನಪಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಒಂದು ದಿನ ಡಬ್ಬಿ ಕೊಡುತ್ತಾ ಆತ ಹೇಳಿದರು.

"ಉಪ್ಸಾರಿಗೆ ಕಾರ ವಸಿ ಜಾಸ್ತಿ ಆಯ್ತು ಕಣಮ್ಮ ಇವತ್ತು."

"ಅವರು ಅಂದ್ರಾ ಸಾ?"

"ಅವ್ನೆಲ್ಲವ್ನೆ? ಅವ್ನ್ನ ಗಡಿಗೆ ಕಳ್ಸಿ ವಾರ ಆಯ್ತಲ್ಲ" ಎಂದು ನಕ್ಕರು. ಹಿಂದೆ ನಿಂತಿದ್ದ ಇನ್ನಿಬ್ಬರೂ ನಕ್ಕರು.

ಆ ವಾರವಿಡೀ ನಾನು ಪೊಲೀಸರಿಗೆ ಊಟ ಹೊತ್ತಿದ್ದೆ. ಅವರ ಹೊಟ್ಟೆ ಸುಟ್ಟುಹೋಗಲಿ ಎಂದು ಶಪಿಸಿದೆ, ಈಗಲೂ ಶಪಿಸುತ್ತೇನೆ. ಆದರೆ ಅವತ್ತು ಬಾಯಿಂದ ಬಂದದ್ದು ಮಾತ್ರ "ಗಡಿಗೆ ಬಸ್ಸು ಎಲ್ಲಿ ಸಿಕ್ತದೆ ಸಾ?" ಎಂಬ ಮಾತು.

ಗಡಿ ಠಾಣೆ ತಲುಪಿದಾಗ ಮಳೆ ಇರಲಿಲ್ಲ, ಬರೀ ಮಂಜು. ಅಂಗಳದಲ್ಲಿ ಒಬ್ಬ ಕಾನ್‌ಸ್ಟೆಬಲ್ ಜೀಪಿನ ಗಾಜು ಒರೆಸುತ್ತಿದ್ದ. ನನ್ನ ಹಾಗೆಯೇ ಮೂವತ್ತರ ಆಸುಪಾಸಿನವನು, ಎಡಹುಬ್ಬಿನ ಮೇಲೆ ಸುಟ್ಟ ಕಲೆ. ಮಾದೇವನ ಹೆಸರು ಹೇಳಿದೆ.

"ಅಂಥೋರು ಯಾರೂ ಇಲ್ಲಿಗೆ ಬಂದಿಲ್ಲ" ಎಂದ, ನನ್ನ ಮುಖ ನೋಡದೆ.

ನಾನು ಅವನ ಕೈ ನೋಡುತ್ತಿದ್ದೆ. ಗಾಜು ಒರೆಸುತ್ತಿದ್ದದ್ದು ಹಸಿರು ಗೆರೆಯ ಟವಲ್ಲು. ಅದರ ಅಂಚು ಬಿಚ್ಚಿಕೊಂಡಾಗ, ಕೆಂಪು ದಾರ ಬಿಟ್ಟರೆ ಬೇರೆ ಇರಲಿಲ್ಲವೆಂದು ಕೆಂಪಿನಲ್ಲೇ ಹೊಲಿದಿದ್ದವಳು ನಾನು.

"ಇದು ನಮ್ಮನೆಯೋರ ಟವಲ್ಲು ಸಾ."

ಅವನು ಟವಲ್ಲನ್ನು ನೋಡಿದ. ಹಿಂಡಿದ. ಕೊಡುತ್ತಾನೆ ಎಂದು ಕೈ ಚಾಚಿದೆ. ಜೀಪಿನ ಒಳಗೆ ಎಸೆದು ಬಾಗಿಲು ಹಾಕಿದ.

"ಟವಲ್ಲು ಎಲ್ಲಾರ್ ಮನೇಲೂ ಇರ್ತದೆ. ಓಗಮ್ಮ."

ಗಂಡ ಕಾಣೆಯಾಗಿದ್ದಾರೆ ಎಂದು ದೂರು ಕೊಡಲು ಮೂರೂ ಠಾಣೆ ಸುತ್ತಿದೆ. ಕೊನೆಯ ಸಲ ನೋಡಿದ್ದು ಎಲ್ಲಿ ಎಂದು ಕೇಳುವರು. ಜೀಪಿನಲ್ಲಿ ಎಂದರೆ, ಜೀಪು ಯಾವ ಊರಿನಲ್ಲಿತ್ತು ಎನ್ನುವರು. ಒಂದೇ ಕೇಸು, ಹದ್ದಿನ ಮಾತೇ ಇಲ್ಲ ಎಂದವರಿಗೆ ಮತ್ತೆ ಹದ್ದು ನೆನಪಾಗಿತ್ತು. ಯಾರೂ ಬರೆದುಕೊಳ್ಳಲಿಲ್ಲ.

ಮಳೆ ಹಿಂದೆ ಸರಿಯುವಾಗ ತಮಿಳುನಾಡಿನವರು ನಿಜವಾದ ಕಳ್ಳರನ್ನು ಹಿಡಿದರು. ಒಂದು ಕೋಳಿ ಶೆಡ್ಡಿನ ತುಂಬ ಬೇಲುಗಳು. ನಮ್ಮ ಮೂರೂ ಠಾಣೆಯವರು ಅಲ್ಲಿಗೆ ಹೋಗಿ ಮಾಲಿನ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಪೇಪರು ಹಿಡಿದುಕೊಂಡು ಹುಣಸೆಮರದ ಠಾಣೆಗೆ ಓಡಿದೆ. ಇನ್ನೇನು, ಕಳ್ಳರು ಸಿಕ್ಕರಲ್ಲ, ನಮ್ಮವರನ್ನು ಬಿಡಿ ಎಂದೆ.

ಸಾಹೇಬರು ಬಹಳ ಮರ್ಯಾದೆಯಿಂದ ಮಾತಾಡಿದರು. "ನಿನ್ನ ಗಂಡ ಆ ಗ್ಯಾಂಗಿಗೆ ಇಲ್ಲಿಯ ಆಸಾಮಿ ಕಣಮ್ಮ. ಲೋಡು ತುಂಬಿದ ಸುದ್ದಿ ಅವನೇ ಕೊಡ್ತಿದ್ದದ್ದು. ಮೂರು ಠಾಣೇಲೂ ಒಪ್ಕೊಂಡಿದಾನೆ. ಗಡಿ ಹತ್ರ ಸ್ಥಳ ತೋರ್ಸೋಕೆ ಕರ್ಕೊಂಡು ಹೋದಾಗ ತಪ್ಪಿಸ್ಕೊಂಡು ಓಡ್ಹೋದ. ಮನೆಗೆ ಬಂದ್ರೆ ತಿಳಿಸ್ಬೇಕು. ಇಲ್ದಿದ್ರೆ ನಿನ್ನ ಮೇಲೂ ಕೇಸಾಗುತ್ತೆ."

ಪಾದದ ಅಂಚಿನ ಮೇಲೆ ನಡೆಯುತ್ತಿದ್ದ ಮನುಷ್ಯ ಓಡಿಹೋದರಂತೆ.

ಅತ್ತ ಮಾವ ಒಬ್ಬರೇ ಠಾಣೆಗೆ ಹೋಗಿ, ಅದು ನಮ್ಮ ಕಡೆಯ ರೂಢಿ, ಒಪ್ಪಿಕೊಂಡದ್ದಲ್ಲ ಎಂದು ಕೈಮುಗಿದು ಬಂದಿದ್ದರು. "ನೀವೇ ಸಾಕ್ಷಿ ಯಜಮಾನ್ರೇ, ಮಾತು ತಿರುಗಿಸಿದ್ರೆ ನಿಮ್ಮನ್ನೂ ಒಳಗೆ ಹಾಕ್ಬೇಕಾಗುತ್ತೆ" ಎಂದು ಸಾಹೇಬರು ಕಳಿಸಿದ್ದರು. ಈ ಸಲ ಕುರ್ಚಿ ಹಾಕಿರಲಿಲ್ಲ.

ದೀಪಾವಳಿಯ ಹಿಂದಿನ ದಿನ ಮಾವ ನನ್ನ ಬಾಗಿಲಿಗೆ ಬಂದರು. ಇಡೀ ಬೀದಿ ನೋಡುತ್ತಿತ್ತು. ಎಪ್ಪತ್ತು ದಾಟಿದ ಮುದುಕ, ಟವಲ್ಲನ್ನು ಸೊಂಟಕ್ಕೆ ಕಟ್ಟಿ, ನನ್ನ ಹೊಸ್ತಿಲ ಮುಂದೆ ಉದ್ದಕ್ಕೆ ಬಿದ್ದರು. "ತಪ್ಪಾಯ್ತು ಕನವ್ವ" ಎಂದರು. ಅವರು ಕೇಡು ಬಯಸಿದವರಲ್ಲ ಎಂದು ನನಗೆ ಗೊತ್ತಿತ್ತು. ಎದ್ದೇಳಿ ಎಂದು ನಾನು ಒಂದು ಮಾತು ಹೇಳಿದ್ದರೆ ಅವರಿಗೆ ಬಿಡುಗಡೆಯಾಗುತ್ತಿತ್ತು. ನಾನು ಹೇಳಲಿಲ್ಲ. ಮಗಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದೆ. ಬಹಳ ಹೊತ್ತಾದ ಮೇಲೆ ಯಾರೋ ಎಬ್ಬಿಸಿಕೊಂಡು ಹೋದರು. ಆಮೇಲೆ ಅವರು ಕಟ್ಟೆಯ ಮೇಲೆ ಕೂರಲಿಲ್ಲ, ಮುಂದಿನ ಮುಂಗಾರಿಗೆ ತೀರಿಕೊಂಡರು. ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆ ಮಳೆಗಾಲ ಅಲ್ಲಿಗೆ ಮುಗಿಯಬೇಕಿತ್ತು, ನನ್ನ ಪಾಲಿಗೆ ಮುಗಿಯಲಿಲ್ಲ. ಮಾದೇವ ತಲೆಮರೆಸಿಕೊಂಡ ಆರೋಪಿಯಾದರು. ವರ್ಷಕ್ಕೊಮ್ಮೆ ಯಾವುದಾದರೂ ಠಾಣೆಯಿಂದ ಒಬ್ಬರು ಬಂದು, ಅಟ್ಟ ಇಣುಕಿ, ಬಂದಿದ್ದನಾ ಎಂದು ಕೇಳಿಹೋಗುವರು. ಮೊದಮೊದಲು ಮೈ ಉರಿಯುತ್ತಿತ್ತು. ಬರುಬರುತ್ತಾ ನಾನೇ ಅವರ ದಾರಿ ಕಾಯತೊಡಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ. ಲೋಕದಲ್ಲಿ ನನ್ನ ಗಂಡನನ್ನು ಹುಡುಕುತ್ತಿದ್ದವರು ಅವರೊಬ್ಬರೇ. ಪೊಲೀಸರೇ ಹುಡುಕುತ್ತಿದ್ದಾರೆ ಎಂದರೆ ಎಲ್ಲೋ ಇರಬೇಕು, ನಿಜವಾಗಿಯೂ ಓಡಿಹೋಗಿರಬೇಕು ಎಂದು ನಂಬಿದೆ. ಹಣೆಯ ಕುಂಕುಮ ಅಳಿಸಲಿಲ್ಲ.

ಮಂಜುಳಾ ದೊಡ್ಡವಳಾದಳು. ಎರಡು ಸಾವಿರದ ಆಚೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಹುಡುಗನಿಗೆ ಅವಳನ್ನು ಗೊತ್ತು ಮಾಡಿದೆವು. ಲಗ್ನಪತ್ರಿಕೆ ಅಚ್ಚುಹಾಕುವವನು ಅಪ್ಪನ ಹೆಸರಿನ ಮುಂದೆ ದಿವಂಗತ ಹಾಕಬೇಕಾ ಎಂದು ಕೇಳಿದ. ಬೇಡ ಎಂದೆ. ಆ ಪತ್ರಿಕೆ ಅದು ಹೇಗೋ ಠಾಣೆಗೆ ತಲುಪಿತು. ಅಪ್ಪ ಬದುಕಿದ್ದಾನೆ, ಮಗಳ ಮದುವೆಗೆ ಬಂದೇ ಬರುತ್ತಾನೆ ಎಂದು ಲೆಕ್ಕ ಹಾಕಿದರು.

ನರಸೀಪುರದ ಛತ್ರದಲ್ಲಿ ಮದುವೆ. ಮೂರು ಠಾಣೆಯಿಂದಲೂ ಜನ ಬಂದಿದ್ದರು, ಮಫ್ತಿಯಲ್ಲಿ. ಕೂದಲು ಕತ್ತರಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬೀಗರು ಯಾರು ಇವರು ಎಂದು ಕೇಳಿದರೆ ನಮ್ಮವರ ಸ್ನೇಹಿತರು ಎಂದೆ. ಇಷ್ಟು ಜನ ಸುಮ್ಮನೆ ಬರುತ್ತಾರೆಯೇ, ಏನೋ ಸುಳಿವು ಸಿಕ್ಕಿರಬೇಕು ಎಂದುಕೊಂಡೆ. ಮೈದುನ ದಂಪತಿ ಧಾರೆ ಎರೆಯುತ್ತಿದ್ದಾಗಲೂ ನನ್ನ ಕಣ್ಣು ಬಾಗಿಲ ಕಡೆಗೇ ಇತ್ತು. ಬೇಡಿ ಹಾಕಿಕೊಂಡೇ ಹೋಗಲಿ, ಒಂದು ಸಲ ಒಳಗೆ ಬರಲಿ ಎಂದು ಬೇಡಿಕೊಂಡೆ.

ಊಟದ ಪಂಕ್ತಿಯಲ್ಲಿ ಅವರನ್ನು ಒಟ್ಟಿಗೆ ಕೂರಿಸಿದೆ. ಹುಣಸೆಮರದ ಠಾಣೆಯವನು ತುತ್ತಿಗೊಮ್ಮೆ ಬಾಗಿಲು ನೋಡುತ್ತಿದ್ದ. ಹೊಳೆ ಠಾಣೆಯವನು ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಇಬ್ಬರೂ ಹೊಸಬರು, ಹುರುಪಿನವರು. ಮೂರನೆಯವನು, ಗಡಿ ಠಾಣೆಯಿಂದ ಬಂದವನು, ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಕೂದಲು ನೆರೆತಿದ್ದರೂ ಎಡಹುಬ್ಬಿನ ಸುಟ್ಟ ಕಲೆ ಹಾಗೆಯೇ ಇತ್ತು.

ಅವನೊಬ್ಬ ಬಾಗಿಲು ನೋಡಲಿಲ್ಲ. ಯಾರೋ ಹೊರಗಿನಿಂದ ಗಟ್ಟಿಯಾಗಿ ಕೂಗಿದಾಗ ಉಳಿದಿಬ್ಬರೂ ಅರ್ಧ ಎದ್ದರು, ನಾನೂ ತಿರುಗಿದೆ. ಅವನು ಎಲೆಯ ಮೇಲಿನ ಕಣ್ಣು ಎತ್ತಲಿಲ್ಲ. ಬಾರದವರ ದಾರಿಯನ್ನು ಯಾರು ನೋಡುತ್ತಾರೆ?

ನಾನು ಪಾಯಸದ ಬಕೆಟ್ಟು ಹಿಡಿದು ಅವನ ಎದುರು ನಿಂತೆ.

"ನೀವ್ಯಾಕೆ ಬಾಗ್ಲು ನೋಡ್ತಿಲ್ಲ ಸಾ?"

ಅವನು ಎಲೆಯನ್ನು ಅರ್ಧಕ್ಕೇ ಮಡಿಚಿ ಎದ್ದು, ಕೈ ಕೂಡ ತೊಳೆಯದೆ ಹೊರಗೆ ನಡೆದುಬಿಟ್ಟ.

ನಾನು ಪಂಕ್ತಿಯ ಕೊನೆಯವರೆಗೂ ಪಾಯಸ ಬಡಿಸಿದೆ. ಮಧ್ಯಾಹ್ನ ಮಗಳಿಗೆ ಮಡಿಲಕ್ಕಿ ತುಂಬುವ ಶಾಸ್ತ್ರವಿತ್ತು. ಅದನ್ನು ಮುತ್ತೈದೆಯರೇ ಮಾಡಬೇಕು. ನಾನೇ ಮಾಡಿದೆ. ಅವಳು ಅಳುತ್ತಾ ಗಂಡನ ಜೊತೆ ವ್ಯಾನು ಹತ್ತಿದಳು. ವ್ಯಾನು ತಿರುವು ದಾಟಿ ಮರೆಯಾಗುವವರೆಗೂ ಕೈಯಾಡಿಸಿದೆ. ಆಮೇಲೆ ಛತ್ರದ ಹಿಂದೆ, ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಹಣೆ ತೊಳೆದುಕೊಂಡೆ.